ಕ್ಯಾಸೆಟ್ ಕವರಿನಲ್ಲಿ ಇಲ್ಲದ ಹೆಸರು

ಗಿಟಾರ್ ಅಂದರೆ ಬೆಂಗಳೂರಿನ ಕಾಲೇಜು ಹುಡುಗರ ವಾದ್ಯ ಅನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳ ಕಿವಿಗೆ ಅದು ಬಿದ್ದು ಐವತ್ತು ವರ್ಷ ದಾಟಿದೆ. ಟೂರಿಂಗ್ ಟಾಕೀಸು, ರೇಡಿಯೊ, ಮದುವೆ ಮನೆಯ ಮೈಕ್ ಸೆಟ್ಟು, ಆಮೇಲೆ ಕ್ಯಾಸೆಟ್ಟು. ಸದ್ದು ಬಂತು, ನುಡಿಸಿದವರ ಹೆಸರು ಮಾತ್ರ ಬರಲಿಲ್ಲ.

ನಮ್ಮ ಶಿರಾದಿಂದಲೇ ಶುರು ಮಾಡೋಣ. ಶಿರಾ ತಾಲ್ಲೂಕಿನ ತರೂರಿನ ಸಿದ್ದಲಿಂಗಯ್ಯ 1972ರಲ್ಲಿ 'ಬಂಗಾರದ ಮನುಷ್ಯ' ನಿರ್ದೇಶಿಸಿದರು, 1974ರಲ್ಲಿ 'ಭೂತಯ್ಯನ ಮಗ ಅಯ್ಯು'. ಎರಡಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಆಗ ಕನ್ನಡದ ಹಾಡುಗಳು ಹೆಚ್ಚಾಗಿ ಮದ್ರಾಸಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ಗಾಯಕರೂ ವಾದ್ಯದವರೂ ಒಟ್ಟಿಗೇ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ.

1970ರ ದಶಕದಲ್ಲಿ ವೆಂಕಟೇಶ್ ಬಳಿ ಸಹಾಯಕನಾಗಿ ಸೇರಿದ ಒಬ್ಬ ಗಿಟಾರ್ ವಾದಕನಿದ್ದ. ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯವನು. ಅಣ್ಣನ ತಂಡದ ಜೊತೆ ಊರೂರು ಅಲೆದು ಹಾಡಿ ಬಂದವನು. ವೆಂಕಟೇಶರ ಜೊತೆ ಅವನು ದುಡಿದ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವು. 1976ರಲ್ಲಿ 'ಅನ್ನಕ್ಕಿಳಿ' ಎಂಬ ತಮಿಳು ಚಿತ್ರಕ್ಕೆ ಸ್ವತಂತ್ರವಾಗಿ ಸಂಗೀತ ಕೊಟ್ಟ ಮೇಲೆ ಇಡೀ ದಕ್ಷಿಣಕ್ಕೆ ಅವನ ಹೆಸರು ಗೊತ್ತಾಯಿತು: ಇಳಯರಾಜ.

ಅದಕ್ಕೆ ಮುಂಚೆ? ಕವರ್ ಮೇಲೆ ಗಾಯಕ, ಕವಿ, ಸಂಗೀತ ನಿರ್ದೇಶಕ, ಇಷ್ಟೇ. ಯಾವ ಹಾಡಿನಲ್ಲಿ ಯಾರ ಬೆರಳು ತಂತಿ ಮೀಟಿತು ಅನ್ನುವುದು ಅಲ್ಲಿಲ್ಲ. ಸಂಗೀತ ನಿರ್ದೇಶಕನಾದ್ದರಿಂದ ಇಳಯರಾಜರ ಹೆಸರು ಉಳಿಯಿತು. ಪಕ್ಕದ ಕುರ್ಚಿಗಳಲ್ಲಿ ಕೂತವರದು ಉಳಿಯಲಿಲ್ಲ.

ಗಿಟಾರ್‌ಗಾಗಿ ಕೇಳಬೇಕಾದ ಕನ್ನಡದ ಆಲ್ಬಂಗಳಲ್ಲಿ ನನ್ನ ಪಟ್ಟಿಗೆ ಮೊದಲು ಬರುವುದು ಶಂಕರ್ ನಾಗ್ ನಿರ್ದೇಶನದ 'ಗೀತಾ' (1981). ಸಂಗೀತ ಇಳಯರಾಜ, ಸಾಹಿತ್ಯ ಚಿ. ಉದಯಶಂಕರ್. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವಿನ ಜಾಗಕ್ಕೆ ಕಿವಿ ಕೊಡಿ. ಇನ್ನೊಂದು ಮಾತು: ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ, ಇಯರ್‌ಫೋನ್ ಹಾಕಿಕೊಳ್ಳಿ. ಬೇಸ್ ಗಿಟಾರ್ ಸಣ್ಣ ಸ್ಪೀಕರ್‌ನಲ್ಲಿ ಸತ್ತೇ ಹೋಗುತ್ತದೆ. ಇಯರ್‌ಫೋನ್‌ನಲ್ಲಿ ಕೇಳಿದರೆ, ಹಾಡಿನ ಕೆಳಗೆ ಅದು ತನ್ನದೇ ಇನ್ನೊಂದು ರಾಗ ಎಳೆಯುತ್ತಾ ಹೋಗುವುದು ಗೊತ್ತಾಗುತ್ತದೆ.

ಎರಡನೆಯದು 'ಪಲ್ಲವಿ ಅನುಪಲ್ಲವಿ' (1983). ಮಣಿರತ್ನಂ ಅವರ ಮೊದಲ ಚಿತ್ರ, ಅದೂ ಕನ್ನಡದಲ್ಲಿ. ಸಂಗೀತ ಮತ್ತೆ ಇಳಯರಾಜ. ಚಿತ್ರ ನೋಡದವರೂ ಇದರ ಒಂದು ತುಣುಕು ಕೇಳಿದ್ದೀರಿ. ಐಡಿಯಾ ಮೊಬೈಲ್ ಕಂಪನಿ ಜಾಹೀರಾತಿಗೆ ಬಳಸಿದ್ದು ಇದೇ ಚಿತ್ರದ ರಾಗ.

ಮೂರನೆಯದು 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ಅವರು ಗಿಟಾರನ್ನು ತಾವೇ ಕಲಿತರು. ನಮ್ಮ ಭಜನೆ ಮನೆಗಳಲ್ಲಿ ಏಕತಾರಿ, ತಾಳದ ಜೊತೆ ಹಾಡುವ ಶಿಶುನಾಳ ಶರೀಫರ ತತ್ವಪದವನ್ನು ಅವರು ಗಿಟಾರ್ ಹಿಡಿದು ಹಾಡಿದರು. ಪದ ಕೆಡಲಿಲ್ಲ. ತತ್ವಪದ ಕೇಳದ ಹುಡುಗರೂ ಕೇಳಿದರು. ಇಲ್ಲಿ ಗಿಟಾರ್ ಹಿಡಿದವನೇ ಮುಂದೆ ನಿಂತಿದ್ದ, ಅವನ ಹೆಸರೇ ಆಲ್ಬಂನ ಹೆಸರಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂದಿಗೂ ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆಗಳಲ್ಲಿ ರಸಮಂಜರಿ ನಡೆಯುತ್ತದೆ. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡದ ವೇದಿಕೆಯಲ್ಲಿ ಕನ್ನಡ, ತೆಲುಗು ಎರಡೂ ಬರಬೇಕು. ಕರಪತ್ರದಲ್ಲಿ ದಾನಿಗಳ ಹೆಸರಿರುತ್ತದೆ, ಮುಖಂಡರ ಫೋಟೊ ಇರುತ್ತದೆ, ಗಾಯಕರ ಹೆಸರೂ ಇರುತ್ತದೆ. ರಾತ್ರಿಯಿಡೀ ಹಿಂದೆ ನಿಂತು ಗಿಟಾರ್ ನುಡಿಸುವವನ ಹೆಸರು ಇರುವುದಿಲ್ಲ. ಮದ್ರಾಸಿನ ಕವರುಗಳನ್ನು ಈಗ ತಿದ್ದಲು ಆಗುವುದಿಲ್ಲ. ನಮ್ಮೂರ ಕರಪತ್ರವನ್ನು ತಿದ್ದಬಹುದು. ಒಂದು ಸಾಲು ಸಾಕು.