ಇದ್ದೂ ಸಿಗದ ಕಡತಗಳು

ಕಂಪ್ಯೂಟರಿನಲ್ಲಿ ಕಡತ ಹುಡುಕುವುದೆಂದರೆ ಬಹುಕಾಲ ಅದರ ಹೆಸರನ್ನು ಹುಡುಕುವುದೇ ಆಗಿತ್ತು. ಒಳಗಿನ ಮಾತು ಬೇಕೆಂದರೆ ಯಂತ್ರ ಒಂದೊಂದೇ ಕಡತ ತೆರೆದು ಓದಬೇಕಿತ್ತು; ಅಷ್ಟರಲ್ಲಿ ನಾವು ಕಾಫಿ ಕುಡಿದು ಬರಬಹುದಿತ್ತು. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಉಪಾಯವನ್ನು 1989ರಲ್ಲಿ ಲೋಟಸ್ ಕಂಪನಿಯ ಮೆಗೆಲನ್ ಡಾಸ್‌ಗೆ ತಂದಿತು. ಯಾವ ಪದ ಯಾವ ಕಡತದಲ್ಲಿದೆ ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಂಡರೆ, ಕೇಳಿದಾಗ ಪಟ್ಟಿ ನೋಡಿದರಾಯಿತು. 2004ರ ಅಕ್ಟೋಬರಿನಲ್ಲಿ ಗೂಗಲ್ ಡೆಸ್ಕ್‌ಟಾಪ್, 2005ರ ಏಪ್ರಿಲ್‌ನಲ್ಲಿ ಆಪಲ್‌ನ ಸ್ಪಾಟ್‌ಲೈಟ್, 2007ರಲ್ಲಿ ವಿಂಡೋಸ್ ವಿಸ್ಟಾ ಈ ಸೌಕರ್ಯವನ್ನು ಮನೆಮನೆಗೆ ಮುಟ್ಟಿಸಿದವು. 2011ರಲ್ಲಿ ಗೂಗಲ್ ತನ್ನದನ್ನು ನಿಲ್ಲಿಸುವ ಹೊತ್ತಿಗೆ ಹುಡುಕಾಟ ಆಪರೇಟಿಂಗ್ ಸಿಸ್ಟಮ್ಮಿನದೇ ಭಾಗವಾಗಿತ್ತು.

ಈ ಪಂಕ್ತಿಯಲ್ಲಿ ನಮ್ಮ ಬಹುಪಾಲು ಕನ್ನಡ ಕಡತಗಳಿಗೆ ಎಲೆ ಹಾಕಿರಲಿಲ್ಲ. 1991ರಲ್ಲೇ ಯುನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತ್ತು, ನಿಜ. ವಿಂಡೋಸಿನಲ್ಲಿ ಅದು ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು. ಅಲ್ಲಿಯವರೆಗೆ ಕಾಯದೆ ಬರೆಯಲು ನೆರವಾದದ್ದು ಶ್ರೀಲಿಪಿ, ಶೇಷಾದ್ರಿವಾಸು ಅವರ ಬರಹ (1998), ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು ಅಂದಿನ ಉಪಾಯ. ನುಡಿಯ ಹಳೆಯ ಫಾಂಟಿನಲ್ಲಿ ದೊಡ್ಡ 'ಪಿ'ಯ ಜಾಗದಲ್ಲಿ 'ಕ'ದ ಒಡಲು, ಓರೆಗೀಟು ಹೊತ್ತ ದೊಡ್ಡ 'ಎ' ಜಾಗದಲ್ಲಿ ತಲೆಕಟ್ಟು. ಯುನಿಕೋಡಿನಲ್ಲಿ ಅದೇ 'ಕ' 3221 ಎಂಬ ಒಂದೇ ಸಂಖ್ಯೆ. ಪದಸೂಚಿ ಕಟ್ಟುವ ತಂತ್ರಾಂಶ ನೋಡುವುದು ಸಂಖ್ಯೆಯನ್ನು, ಆಕಾರವನ್ನಲ್ಲ.

ಅಪ್ಪ ನಿವೃತ್ತರಾದ ಮೇಲೆ ಅಂಥದೊಂದು ಹಳೆಯ ಫಾಂಟಿನಲ್ಲಿ ತಮ್ಮ ನೆನಪುಗಳನ್ನು ಟೈಪ್ ಮಾಡಿಟ್ಟಿದ್ದರು. ಅವರು ಹೋದ ವರ್ಷ, ಕೂಕಟ್‌ಪಲ್ಲಿಯ ಮನೆಯಲ್ಲಿ ಕೂತು ಅವರ ಕಡತಗಳಲ್ಲಿ 'ಅಜ್ಜಿ' ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಫಾಂಟ್ ಹಾಕಿ ತೆರೆದರೆ ಮೊದಲ ಪುಟದಲ್ಲೇ ಅಜ್ಜಿ ಇದ್ದಳು. ಅನು ಫಾಂಟ್‌ಗಳಲ್ಲಿ ಬರೆದ ತೆಲುಗು ಕಡತಗಳದೂ ಇದೇ ಪಾಡೆಂದು ಪಕ್ಕದ ಮನೆಯವರು ಹೇಳಿದರು.

ನುಡಿ, ಬರಹಗಳೂ ಮುಂದೆ ಯುನಿಕೋಡಿಗೆ ಬಂದವು. ಹಳೆಯದನ್ನು ಬದಲಿಸುವ ಪರಿವರ್ತಕಗಳೂ ಇವೆ. ಆದರೆ ಕಣ್ಣಿಟ್ಟು ನೋಡಬೇಕು. 'ಸೂರ್ಯ' ಎನ್ನುವಾಗ ಹಳೆಯ ಫಾಂಟು ಅರ್ಕಾವೊತ್ತನ್ನು 'ಯ' ಆದಮೇಲೆ ಇಡುತ್ತದೆ, ಯುನಿಕೋಡ್ 'ರ್' ಅನ್ನು ಮೊದಲೇ ಇಡುತ್ತದೆ. ಈ ಅದಲುಬದಲಿನಲ್ಲಿ ಒಂದು ತಪ್ಪಿದರೂ ಪದ ಮತ್ತೆ ಕಳೆದುಹೋಗುತ್ತದೆ. ಮೂಲ ಕಡತವನ್ನೂ ಫಾಂಟನ್ನೂ ಜೋಪಾನವಾಗಿಟ್ಟು, ಪ್ರತಿಯ ಮೇಲೆ ಕೆಲಸ ಮಾಡಬೇಕು.

ವಾರಕ್ಕೆ ಹತ್ತು ಪುಟ ತಿದ್ದುತ್ತಿದ್ದೇನೆ. ಈಗ ಹುಡುಕಿದರೆ ಅಜ್ಜಿ ಹದಿನೇಳು ಕಡೆ ಸಿಗುತ್ತಾಳೆ.