ಮಳೆನೀರಿನ ಚರಂಡಿಗೆ ಔಷಧ, ಡಯಾಪರ್ ಸೇರದಿರಲಿ

ಮಳೆನೀರಿನ ಚರಂಡಿ ಎಂದರೇನು?
ಶೌಚಾಲಯದ ನೀರು ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗಬೇಕು. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಅಂಥ ವ್ಯವಸ್ಥೆ ಇರುವುದಿಲ್ಲ. ಅದಕ್ಕೆ ಬಿದ್ದದ್ದು ನಾಲೆಯ ಮೂಲಕ ನೇರ ನದಿಗೆ ಸೇರುತ್ತದೆ. ಪುಣೆಯಲ್ಲಿ ಆಂಬಿಲ್ ಓಢಾದಂಥ ಹಳ್ಳಗಳು ಮುಠಾ ನದಿಗೆ ಸೇರುತ್ತವೆ. ಮುಳಾ-ಮುಠಾ ನೀರು ಭೀಮೆಗೆ, ಅಲ್ಲಿಂದ ಉಜನಿ ಜಲಾಶಯಕ್ಕೆ, ಮುಂದೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹರಿಯುತ್ತದೆ.

ಆರೋಗ್ಯಕ್ಕೆ ಏನು ತೊಂದರೆ?
ಕಸದಿಂದ ಚರಂಡಿ ಕಟ್ಟಿಕೊಂಡರೆ ಕೊಳಕು ನೀರು ರಸ್ತೆಗೆ, ಮನೆಗೆ ನುಗ್ಗುತ್ತದೆ. ಇದರಿಂದ ವಾಂತಿ-ಭೇದಿ, ಟೈಫಾಯ್ಡ್, ಇಲಿ ಜ್ವರ ಹರಡಬಹುದು. ನೀರಿಗೆ ಸೇರಿದ ಆಂಟಿಬಯಾಟಿಕ್, ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅನುವು ಮಾಡಿಕೊಡುತ್ತದೆ.

ಸ್ವಯಂಸೇವಕರು ಏನು ಮಾಡುತ್ತಾರೆ?
ಪುಣೆಯ ‘ಜೀವಿತನದಿ’ ಸಂಸ್ಥೆಯ ಸ್ವಯಂಸೇವಕರು ವಿಠ್ಠಲವಾಡಿಯಂಥ ಕಡೆ ನದಿದಡದ ಭಾಗಗಳನ್ನು ದತ್ತು ಪಡೆದು ಸ್ವಚ್ಛಗೊಳಿಸುತ್ತಾರೆ. ಮನೆಯಲ್ಲಿ ಬಳಸುವ ರಾಸಾಯನಿಕಗಳನ್ನು ಕಡಿಮೆ ಮಾಡುವಂತೆಯೂ ತಿಳಿಹೇಳುತ್ತಾರೆ. ದಡದಲ್ಲಿ ಬಿದ್ದ ಕಸವನ್ನು ಅವರು ಹೆಕ್ಕಬಹುದು. ನೀರಿನಲ್ಲಿ ಕರಗಿದ ಔಷಧವನ್ನು ಹೆಕ್ಕಲಾಗದು. ಅದನ್ನು ತಡೆಯುವ ಜಾಗ ನಿಮ್ಮ ಮನೆ.

ರೋಗಿ ಇರುವ ಮನೆಯವರು ಏನು ಮಾಡಬೇಕು?
• ಅವಧಿ ಮೀರಿದ ಮಾತ್ರೆ, ಸಿರಪ್‌ಗಳನ್ನು ಚರಂಡಿಗೆ, ಸಿಂಕಿಗೆ ಸುರಿಯಬೇಡಿ. 2016ರ ಘನತ್ಯಾಜ್ಯ ನಿಯಮಗಳು ಇವನ್ನು ಮನೆಯ ಅಪಾಯಕಾರಿ ತ್ಯಾಜ್ಯ ಎಂದು ಗುರುತಿಸಿದ್ದವು. ಬೇರೆ ಕವರಿನಲ್ಲಿ ಕಟ್ಟಿ, ಒಳಗೇನಿದೆ ಎಂದು ಹೇಳಿ ಕಸ ಸಂಗ್ರಹಿಸುವವರಿಗೆ ಕೊಡಿ. ವಾಪಸ್ ಪಡೆಯುತ್ತಾರೆಯೇ ಎಂದು ಮೆಡಿಕಲ್ ಅಂಗಡಿಯಲ್ಲೂ ಕೇಳಿ.
• ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಸೇರಿ 17 ಔಷಧಗಳು ಇದಕ್ಕೆ ಹೊರತು. ಬೇರೆಯವರ ಕೈಗೆ ಸಿಕ್ಕರೆ ಇವು ಜೀವಕ್ಕೇ ಅಪಾಯ. ಆದ್ದರಿಂದ ಬಳಸದೆ ಉಳಿದವನ್ನು ಶೌಚಾಲಯದಲ್ಲಿ ಫ್ಲಶ್ ಮಾಡಿ ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಸೂಚಿಸಿದೆ. ಇವನ್ನೂ ರಸ್ತೆ ಚರಂಡಿಗೆ ಹಾಕಬಾರದು. ಅನುಮಾನವಿದ್ದರೆ ಫಾರ್ಮಸಿಸ್ಟರನ್ನು ಕೇಳಿ.
• ಇನ್ಸುಲಿನ್ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಮುಕ್ಕಾಲು ತುಂಬಿದಾಗ ಭದ್ರವಾಗಿ ಮುಚ್ಚಿ, ಪ್ರತ್ಯೇಕವಾಗಿ ಕೊಡಿ.
• ಡಯಾಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಪುಣೆಯ ಕಸ ಆಯುವವರ ಸಹಕಾರಿ ಸಂಘ ‘ಸ್ವಚ್ಛ್’ ಇದೇ ಮನವಿ ಮಾಡಿದೆ. ಗುರುತು ಕಂಡರೆ ಅವರು ಬರಿಗೈಯಲ್ಲಿ ಬಿಚ್ಚಿ ನೋಡಬೇಕಾಗುವುದಿಲ್ಲ.
• ರೋಗಿಯ ಕೋಣೆ ಒರೆಸಿದ ಫಿನಾಯಿಲ್ ನೀರನ್ನು ಶೌಚಾಲಯಕ್ಕೆ ಸುರಿಯಿರಿ.

ನೀವೂ ಸ್ವಯಂಸೇವೆಗೆ ಹೋಗುವಿರಾ?
ದಪ್ಪ ಕೈಗವಸು, ಗಮ್‌ಬೂಟ್ ಧರಿಸಿ. ಗಾಯವಿದ್ದರೆ ನೀರಿಗೆ ಇಳಿಯಬೇಡಿ. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು, ಪಾದದಲ್ಲಿ ಹುಣ್ಣಿರುವ ಮಧುಮೇಹಿಗಳು ಈ ಕೆಲಸಕ್ಕೆ ಹೋಗದಿರುವುದೇ ಒಳ್ಳೆಯದು. ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಇಲಿ ಜ್ವರ ತಡೆಯಲೆಂದು ವೈದ್ಯರನ್ನು ಕೇಳದೆ ಡಾಕ್ಸಿಸೈಕ್ಲಿನ್ ನುಂಗಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?
ಕೊಳಕು ನೀರಿಗೆ ಇಳಿದ ಒಂದು ತಿಂಗಳೊಳಗೆ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ನೀರಿಗೆ ಇಳಿದಿದ್ದ ವಿಷಯವನ್ನು ಮರೆಯದೆ ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.