ಬೆಳಗ್ಗೆ ಹೋಗಿ ಸಂಜೆ ಮರಳುವ ತಾಜ್ ಮಹಲ್

ದೆಹಲಿಯ ಹಜ್ರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಗ್ಗೆ ಎಂಟು ದಾಟಿದ ಮೇಲೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಶುಕ್ರವಾರ ಓಡುವುದಿಲ್ಲ. ಶುಕ್ರವಾರ ತಾಜ್ ಮಹಲಿನ ಬಾಗಿಲು ಪ್ರವಾಸಿಗರಿಗೆ ತೆರೆಯುವುದಿಲ್ಲ, ಅದಕ್ಕೇ ರೈಲಿಗೂ ರಜೆ. 2016ರ ಏಪ್ರಿಲ್ 5ರಂದು ಶುರುವಾದಾಗ ಅದು ದೇಶದ ಅತಿ ವೇಗದ ರೈಲು: ಗಂಟೆಗೆ 160 ಕಿಲೋಮೀಟರ್ ವೇಗ, ಆಗ್ರಾಕ್ಕೆ 188 ಕಿಲೋಮೀಟರ್ ದಾರಿ, 100 ನಿಮಿಷದ ಪಯಣ. ಆಮೇಲೆ ಅದರ ಓಟವನ್ನು ಗ್ವಾಲಿಯರ್, ಝಾನ್ಸಿವರೆಗೆ ವಿಸ್ತರಿಸಿದರು; ಶುಕ್ರವಾರದ ರಜೆ ಮಾತ್ರ ಹಾಗೆಯೇ ಉಳಿಯಿತು. ಸಂಜೆ ಆರರೊಳಗೆ ಆಗ್ರಾ ಬಿಡುವ ಈ ರೈಲು ರಾತ್ರಿಯೂಟದ ಹೊತ್ತಿಗೆ ಪ್ರವಾಸಿಯನ್ನು ದೆಹಲಿಗೆ ಮುಟ್ಟಿಸುತ್ತದೆ. ಹೀಗೆ ಒಂದೇ ದಿನದಲ್ಲಿ ತಾಜ್ ನೋಡಿ ಬರುವುದು ನಮಗೀಗ ಸಹಜವೆನಿಸಿದೆ. ಜನಕ್ಕೆ ಪುರುಸೊತ್ತಿಲ್ಲ, ಹಾಗಾಗಿ ಒಂದು ದಿನಕ್ಕೆ ಮುಗಿಸುತ್ತಾರೆ ಎಂದುಕೊಳ್ಳುತ್ತೇವೆ. ಆದರೆ ಈ ರೂಢಿ ಬರೀ ಪುರುಸೊತ್ತಿಲ್ಲದ್ದರಿಂದ ಬಂದದ್ದಲ್ಲ; ಸುಮಾರು ಅರವತ್ತು ವರ್ಷಗಳಿಂದ ರೈಲು, ರಸ್ತೆ, ಟಿಕೆಟ್ಟುಗಳ ಮೂಲಕ ಬೆಳೆಸಿಕೊಂಡು ಬಂದದ್ದು ಎಂಬುದು ನನ್ನ ವಾದ. ಅದನ್ನು ಬೆಳೆಸುತ್ತಾ ಬಂದ ಹಾಗೆ, ತಾಜ್ ಕಟ್ಟಿಸಿದವರೇ ಅದರ ಅಂಗವೆಂದು ಭಾವಿಸಿ ಎಬ್ಬಿಸಿದ್ದ ಒಂದು ಊರನ್ನು ಅದರಿಂದ ದೂರ ಮಾಡಿದೆವು.

ರೂಢಿಯ ವಯಸ್ಸನ್ನು ಮೊದಲು ನೋಡೋಣ. ಆಗ್ರಾಕ್ಕೆ ರೈಲು ಬಂದದ್ದು 1860ರ ದಶಕದ ಆರಂಭದಲ್ಲಿ, ಟುಂಡ್ಲಾ ಕಡೆಯಿಂದ. ಆ ಶತಮಾನದ ಪ್ರವಾಸಿ ಆಗ್ರಾದಲ್ಲಿ ಬಿಡಾರ ಹೂಡುತ್ತಿದ್ದ. ಕೋಟೆ, ಸಿಕಂದ್ರಾದ ಅಕ್ಬರನ ಗೋರಿ, ಇತಿಮಾದ್‌ಉದ್ದೌಲನ ಗೋರಿ, ಗಾಡಿ ಕಟ್ಟಿಸಿಕೊಂಡು ಫತೇಪುರ್ ಸಿಕ್ರಿ, ಇವುಗಳ ನಡುವೆ ತಾಜ್ ಮಹಲಿಗೆ ಒಮ್ಮೆ ಹಗಲಿನಲ್ಲಿ, ಇನ್ನೊಮ್ಮೆ ಬೆಳದಿಂಗಳಿನಲ್ಲಿ ಹೋಗುವುದು ಆಗಿನ ಪದ್ಧತಿ. ಬೆಳಗ್ಗೆ ಹೋಗಿ ಸಂಜೆ ಮರಳುವುದಕ್ಕೆಂದೇ ರೈಲೊಂದು ಹೊರಟದ್ದು 1964ರಲ್ಲಿ. ಅದರ ಹೆಸರೇ ತಾಜ್ ಎಕ್ಸ್‌ಪ್ರೆಸ್. ನೆಹರೂ ಜನ್ಮಶತಾಬ್ದಿಯ ನೆನಪಿನಲ್ಲಿ 1988ರಲ್ಲಿ ಓಡತೊಡಗಿದ ಮೊದಲ ಶತಾಬ್ದಿ ಎಕ್ಸ್‌ಪ್ರೆಸ್ ಕೂಡ ಆಗ್ರಾ ಹಾದು ಝಾನ್ಸಿಗೆ ಹೋಗುತ್ತಿತ್ತು. 2012ರ ಆಗಸ್ಟ್‌ನಲ್ಲಿ 165 ಕಿಲೋಮೀಟರ್ ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಕಾರು, ಬಸ್ಸಿನವರಿಗೂ ಇದು ಹಗಲು ಹೊತ್ತಿನ ಕೆಲಸವಾಯಿತು. ಕರ್ನಾಟಕದಿಂದ ಹೊರಡುವ ‘ಉತ್ತರ ಭಾರತ ಪ್ರವಾಸ’ಗಳೂ ದೆಹಲಿ ಮತ್ತು ಮಥುರೆಯ ನಡುವೆ ಆಗ್ರಾವನ್ನು ಸಿಕ್ಕಿಸಿ, ಬಸ್ಸನ್ನು ಮುಂದೆ ಓಡಿಸುತ್ತವೆ. ಅವರನ್ನು ದೂರಿ ಫಲವಿಲ್ಲ. ಎಲ್ಲರೂ ಹಿಡಿದ ದಾರಿಯಲ್ಲೇ ಅವರೂ ಹೋಗುತ್ತಿದ್ದಾರೆ.

ಇನ್ನು ತಾಜ್ ಮಹಲನ್ನು ಯಾವ ಲೆಕ್ಕಾಚಾರದಲ್ಲಿ ಕಟ್ಟಿದರು ಎಂಬುದು. ಬಾದಶಹ ಷಹಜಹಾನನ ಮಡದಿ ಮುಮ್ತಾಜ್ ಮಹಲ್ ತೀರಿಕೊಂಡದ್ದು 1631ರಲ್ಲಿ, ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯ ವೇಳೆ. ಮರುವರ್ಷ ಆಗ್ರಾದಲ್ಲಿ ಯಮುನೆಯ ದಂಡೆಯ ಮೇಲೆ ಕೆಲಸ ಆರಂಭವಾಯಿತು. ಆಗ ಆಗ್ರಾದಲ್ಲಿದ್ದ ಇಂಗ್ಲಿಷ್ ವರ್ತಕ ಪೀಟರ್ ಮಂಡಿ ಬರೆದಿಟ್ಟ ಟಿಪ್ಪಣಿ ಇಲ್ಲಿ ಬಹಳ ಮುಖ್ಯ. ಗೋರಿಯ ಸುತ್ತಲಿನ ಚಿನ್ನದ ಕಟಕಟೆಯನ್ನು ಹೇಳಿದ ಬೆನ್ನಿಗೇ ಅವನು, ನೋಟಕ್ಕೆ ಅಡ್ಡಿಯಾಗದಂತೆ ದಿಬ್ಬಗಳನ್ನು ಸಮ ಮಾಡುತ್ತಿರುವುದನ್ನೂ, ಬೀದಿ-ಅಂಗಡಿಗಳಿಗೆ ಜಾಗ ಗುರುತಿಸಿ ವರ್ತಕರನ್ನೂ ಕಸುಬುದಾರರನ್ನೂ ಅಲ್ಲಿ ನೆಲೆಸುವಂತೆ ಆಜ್ಞೆ ಮಾಡಿರುವುದನ್ನೂ ಹೇಳುತ್ತಾನೆ. ಆ ಹೊಸ ಬಡಾವಣೆಗೆ ಅವನು ಕೊಡುವ ಹೆಸರು ತಾಜ್‌ಗಂಜ್. ಗುಮ್ಮಟ ಏಳುವ ಮೊದಲೇ ಪೇಟೆ ಏಳತೊಡಗಿತ್ತು ಎಂದಾಯಿತು. ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ‘ಪಾದಶಾಹನಾಮಾ’ದಲ್ಲಿ ಇದಕ್ಕೆ ಲೆಕ್ಕ ಕೊಡುತ್ತಾನೆ: ಗೋರಿಯ ನಿರ್ವಹಣೆಗೆ 30 ಹಳ್ಳಿಗಳ ಕಂದಾಯ ಸುಮಾರು ಒಂದು ಲಕ್ಷ ರೂಪಾಯಿ, ಅಂಗಡಿ ಮತ್ತು ತಂಗುದಾಣಗಳಾದ ಸರಾಯ್‌ಗಳ ಬಾಡಿಗೆ ಅದರ ಎರಡರಷ್ಟು. ಹಳ್ಳಿಯ ರೈತನಿಗಿಂತ ಹೆಚ್ಚಾಗಿ, ಅಲ್ಲಿ ತಂಗುವ ದಾರಿಹೋಕನೂ ಅಂಗಡಿಕಾರನೂ ಈ ಕಟ್ಟಡವನ್ನು ಸಾಕಬೇಕೆಂಬುದು ಷಹಜಹಾನನ ಲೆಕ್ಕವಾಗಿತ್ತು.

ನಕ್ಷೆಯೂ ಇದನ್ನೇ ಹೇಳುತ್ತದೆ. ಯಮುನೆಯ ಅಂಚಿನಲ್ಲಿ ಗೋರಿ, ಅದರ ದಕ್ಷಿಣಕ್ಕೆ ತೋಟ, ಮಹಾದ್ವಾರ, ಜಿಲೌಖಾನಾ ಎಂಬ ಮುಂಗಳ; ಅಲ್ಲಿಗೆ ಸುಮಾರು 560 ಮೀಟರ್. ಅದೇ ನೇರದಲ್ಲಿ ಇನ್ನೂ ದಕ್ಷಿಣಕ್ಕೆ, ಎರಡು ಪೇಟೆಬೀದಿಗಳು ಕೂಡುವ ಚೌಕ, ಅದರ ನಾಲ್ಕು ಮೂಲೆಗೆ ನಾಲ್ಕು ಸರಾಯ್‌ಗಳು. ಇವನ್ನು ಸೇರಿಸಿ ಅಳೆದರೆ ಒಟ್ಟು ಉದ್ದ 900 ಮೀಟರಿನ ಹತ್ತಿರ ಬರುತ್ತದೆ. ಮೂಲ ಯೋಜನೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಭಾಗ ಇಂದಿನ ಟಿಕೆಟ್ಟಿನ ಹೊರಗಿದೆ. ಸರಾಯ್‌ಗಳ ಅಂಗಳವೆಲ್ಲ ಮನೆಗಳಿಂದ ತುಂಬಿ ಹೋಗಿದ್ದರೂ ನಾಲ್ಕು ಭಾಗಗಳ ಗುರುತು ಅಳಿದಿಲ್ಲ. ಕಟ್ರಾ ಉಮರ್ ಖಾನ್, ಕಟ್ರಾ ಫುಲೇಲ್, ಕಟ್ರಾ ರೇಶಮ್, ಕಟ್ರಾ ಜೋಗಿದಾಸ್ ಎಂದು ತಾಜ್‌ಗಂಜಿನವರು ಈಗಲೂ ಅವನ್ನು ಕರೆಯುತ್ತಾರೆ. ಇಕ್ಕಟ್ಟಾದ ಓಣಿಯಲ್ಲಿ, ಮೇಲೆ ವಿದ್ಯುತ್ ತಂತಿಗಳ ಗೋಜಲು, ಪಕ್ಕದಲ್ಲಿ ಅಂಗಡಿಯ ಬೋರ್ಡು, ನಡುವೆ ಕೆಂಪು ಕಲ್ಲಿನ ಹಳೆಯ ದ್ವಾರ ನಿಂತಿರುತ್ತದೆ. ಅದೂ ತಾಜ್ ಮಹಲೇ.

ಗೋರಿಯೆಂದರೆ ಶೋಕದ ಜಾಗ, ಅದನ್ನು ನೋಡುವ ತಾಣ ಮಾಡಿದ್ದೇ ತಪ್ಪು, ಒಂದು ದಿನವಾದರೇನು ನಾಲ್ಕು ದಿನವಾದರೇನು ಎಂಬ ಆಕ್ಷೇಪವಿದೆ. ಇತಿಹಾಸ ಅದಕ್ಕೆ ಒಪ್ಪುವುದಿಲ್ಲ. ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆ ಈ ಪೇಟೆಯ ಆರು ದೊಡ್ಡ ಅಂಗಳಗಳನ್ನೂ, ಸುತ್ತಲಿನ ಮೊಗಸಾಲೆಗಳನ್ನೂ, ವರ್ತಕರ ಕೋಣೆಗಳನ್ನೂ, ಅಲ್ಲಿ ನಡೆಯುತ್ತಿದ್ದ ಹತ್ತಿಯ ಭಾರೀ ವ್ಯಾಪಾರವನ್ನೂ ವಿವರಿಸುತ್ತಾನೆ. ಪರದೇಶದವರೆಲ್ಲ ಬಂದು ಸೇರುವ ಪೇಟೆಯ ಪಕ್ಕದಲ್ಲೇ ಷಹಜಹಾನ್ ಬೇಕೆಂದೇ ಗೋರಿ ಕಟ್ಟಿಸಿದ, ಜಗತ್ತೆಲ್ಲ ನೋಡಿ ಬೆರಗಾಗಲಿ ಎಂಬುದು ಅವನ ಉದ್ದೇಶ ಎಂಬುದು ತವೆರ್ನಿಯೆಯ ಊಹೆ. ಅವನ ಸಮಕಾಲೀನ ಬರ್ನಿಯೆ ಇನ್ನೊಂದು ವಿವರ ಕೊಡುತ್ತಾನೆ: ಗೋರಿಯ ಒಳಕೋಣೆಗೆ ಕ್ರೈಸ್ತರಿಗೆ ಪ್ರವೇಶವಿರಲಿಲ್ಲ, ಅದನ್ನು ವರ್ಷಕ್ಕೊಮ್ಮೆ ವಿಧಿಪೂರ್ವಕ ತೆರೆಯುತ್ತಿದ್ದರು. ಇಬ್ಬರ ಮಾತನ್ನೂ ಕೂಡಿಸಿ ನೋಡಿದರೆ ವ್ಯವಸ್ಥೆ ಸ್ಪಷ್ಟವಾಗುತ್ತದೆ. ಒಳಗಿನ ಗೋರಿ ಪ್ರಾರ್ಥನೆಗೆ, ಹೊರಗಿನ ನೋಟ ಲೋಕಕ್ಕೆಲ್ಲ. ಹೊರಗಿನವರು ಬಂದು ನೋಡುವುದು ಮೊದಲಿನಿಂದಲೂ ಯೋಜನೆಯಲ್ಲಿ ಇತ್ತು. ಆದರೆ ಹಾಗೆ ನೋಡುವವನು ಸರಾಯ್‌ನಲ್ಲಿ ಗಂಟುಮೂಟೆ ಇಳಿಸಿದವನು, ಪೇಟೆಯಲ್ಲಿ ವ್ಯವಹಾರವಿದ್ದವನು. ಇಂದು ಕಳೆದುಹೋಗಿರುವುದು ಆ ತಂಗುವಿಕೆ.

ಅದು ಒಂದೇ ಏಟಿಗೆ ಹೋದದ್ದಲ್ಲ. ಮೊಗಲರ ಅಧಿಕಾರ ಕುಸಿದಂತೆ ದತ್ತಿಯ ಆದಾಯ ಚದುರಿತು. 1761ರಲ್ಲಿ ಆಗ್ರಾ ಜಾಟರ ಕೈಗೂ, 1803ರಲ್ಲಿ ಇಂಗ್ಲಿಷರ ಕೈಗೂ ಹೋಯಿತು. ವೈಸರಾಯ್ ಕರ್ಜನ್ ಕಾಲದ ಜೀರ್ಣೋದ್ಧಾರ ಮುಂಗಳವನ್ನೂ ತೋಟವನ್ನೂ ಅಚ್ಚುಕಟ್ಟು ಮಾಡಿತು. ತೋಟದ ದಟ್ಟ ಮರಗಳು ಹೋಗಿ ಹುಲ್ಲುಹಾಸು ಬಂತು. ಆ ಕೆಲಸಕ್ಕೆ ನಾವು ಋಣಿಗಳು, ಅದಿಲ್ಲದಿದ್ದರೆ ಇಂದು ನೋಡಲು ಇಷ್ಟು ಉಳಿಯುತ್ತಿರಲಿಲ್ಲ. ಆದರೆ ರಕ್ಷಿತ ಸ್ಮಾರಕದ ಗಡಿ ಮುಂಗಳದ ಗೋಡೆಗೆ ನಿಂತಿತು, ಪೇಟೆ ಬರೀ ನೆರೆಹೊರೆಯಾಯಿತು. ಇತ್ತೀಚಿನ ನಿರ್ಧಾರಗಳು ಈ ಬಿರುಕನ್ನು ಹಿಗ್ಗಿಸಿವೆ. ಪೇಟೆಯಿಂದ ನೇರವಾಗಿ ಬರುವ ದಕ್ಷಿಣ ದ್ವಾರದ ಮೂಲಕ ಒಳಪ್ರವೇಶವನ್ನು 2018ರಲ್ಲಿ ನಿಲ್ಲಿಸಿದರು. ದೆಹಲಿಯ ಬಸ್ಸು ಪೂರ್ವದ ಶಿಲ್ಪಗ್ರಾಮದ ಹತ್ತಿರ ನಿಲ್ಲುತ್ತದೆ, ಬ್ಯಾಟರಿ ಗಾಡಿ ಜನರನ್ನು ಪೂರ್ವ ದ್ವಾರಕ್ಕೆ ತಂದುಬಿಡುತ್ತದೆ, ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ತಾಜ್‌ಗಂಜ್ ಎಂಬುದೊಂದು ಇದೆಯೆಂದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ತಾಜ್ ಗೋಡೆಯಿಂದ 500 ಮೀಟರ್ ಒಳಗಿನ ವಾಣಿಜ್ಯ ಚಟುವಟಿಕೆ ನಿಲ್ಲಿಸುವಂತೆ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ಇಲ್ಲಿನ ಅಂಗಡಿಕಾರರು ಕಂಗಾಲಾಗಿ ಮತ್ತೆ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಗೋರಿಯನ್ನು ಸಾಕಲೆಂದು ಹುಟ್ಟಿದ ಪೇಟೆಯೇ ಅದಕ್ಕೆ ಅಪಾಯ ಎನ್ನುವ ಹಂತಕ್ಕೆ ಮಾತು ಬಂದಿತ್ತು.

ಒಂದು ದಿನದ ಪ್ರವಾಸವೇ ತಾಜ್ ಮಹಲನ್ನು ಸಾಮಾನ್ಯರಿಗೆ ತೆರೆದದ್ದು, ರಾತ್ರಿ ತಂಗುವ ಖರ್ಚು ಎಲ್ಲರಿಗೂ ಆಗುವುದಿಲ್ಲ ಎಂಬುದು ಎರಡನೆಯ ಆಕ್ಷೇಪ, ಮತ್ತು ಎಲ್ಲಕ್ಕಿಂತ ಗಟ್ಟಿಯಾದದ್ದು. ದಿನಗೂಲಿಯವನಿಗೆ ಒಂದು ರಜೆ ಸಿಗುವುದೇ ಹೆಚ್ಚು. ಅವನು 50 ರೂಪಾಯಿ ಟಿಕೆಟ್ ಕೊಂಡು ಮನೆಮಂದಿಗೆ ತಾಜ್ ತೋರಿಸಿ ರಾತ್ರಿಯೊಳಗೆ ಊರು ಸೇರುವುದನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ 160 ಕಿಲೋಮೀಟರ್ ವೇಗದ ರೈಲಾಗಲಿ ಟೋಲ್ ಕಟ್ಟುವ ಎಕ್ಸ್‌ಪ್ರೆಸ್‌ವೇ ಆಗಲಿ ಅವನಿಗಾಗಿ ಬಂದದ್ದಲ್ಲ. ತಂಗಬಲ್ಲವರನ್ನೇ ಅವು ತಂಗದಂತೆ ಮಾಡಿವೆ. ಸಾಮಾನ್ಯರಿಗೆ ತಾಜ್ ನಿಜವಾಗಿ ತೆರೆಯುವುದನ್ನು ನೋಡಬೇಕಾದರೆ ಷಹಜಹಾನನ ಉರುಸಿಗೆ ಹೋಗಬೇಕು. ರಜಬ್ ತಿಂಗಳ ಕೊನೆಯ ಭಾಗದ ಆ ಮೂರು ದಿನ ನಿಗದಿತ ಹೊತ್ತಿನಲ್ಲಿ ಟಿಕೆಟ್ಟಿಲ್ಲ, ನೆಲಮಾಳಿಗೆಯ ಅಸಲಿ ಗೋರಿಗಳ ಬಾಗಿಲೂ ತೆರೆದಿರುತ್ತದೆ. ಸ್ಥಳೀಯರು ಬಟ್ಟೆಗೆ ಬಟ್ಟೆ ಹೊಲಿದು ಮಾಡಿದ ಬಣ್ಣಬಣ್ಣದ ಚಾದರವನ್ನು ಸಾಲುಗಟ್ಟಿ ಹೊತ್ತು ತರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದರ ಉದ್ದ ಸಾವಿರ ಮೀಟರ್ ದಾಟಿದೆ. ಹಿಂದೂ, ಮುಸ್ಲಿಂ ಎನ್ನದೆ ಅದಕ್ಕೆ ಕೈಯೊಡ್ಡುತ್ತಾರೆ. ಅಗ್ಗದ ಪ್ರವೇಶಕ್ಕೂ ಅವಸರದ ಪ್ರವೇಶಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜನ ಬೇಗ ಬಂದು ಬೇಗ ಹೋದರೆ ಅಮೃತಶಿಲೆಗೆ ಒಳ್ಳೆಯದು ಎನ್ನುವವರೂ ಇದ್ದಾರೆ. ವಾಸ್ತವ ತದ್ವಿರುದ್ಧ. ಹೊರಗಿನಿಂದ ಬಂದು ಅದೇ ದಿನ ಮರಳುವವರೆಲ್ಲ ಬೆಳಗಿನ ಹತ್ತರಿಂದ ಮಧ್ಯಾಹ್ನದವರೆಗಿನ ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ನುಗ್ಗುತ್ತಾರೆ. ನೂಕುನುಗ್ಗಲು ತಡೆಯಲೆಂದೇ 2018ರ ಏಪ್ರಿಲ್ 1ರಿಂದ ಒಂದು ಟಿಕೆಟ್ಟಿಗೆ ಮೂರು ಗಂಟೆಯ ಮಿತಿ ಬಂತು, ಅದೇ ಡಿಸೆಂಬರ್‌ನಲ್ಲಿ ಮುಖ್ಯ ಗೋರಿ ಏರಲು ಪ್ರತ್ಯೇಕ 200 ರೂಪಾಯಿ. ಊರಲ್ಲೇ ಉಳಿದವರು ಸೂರ್ಯೋದಯಕ್ಕೋ ಇಳಿಹೊತ್ತಿಗೋ ಹೋಗುತ್ತಾರೆ, ನದಿ ದಾಟಿ ಮೆಹ್ತಾಬ್ ಬಾಗ್‌ನಿಂದಲೂ ನೋಡುತ್ತಾರೆ. ಗುಂಪು ತಾನಾಗಿ ಹರಡುತ್ತದೆ. ಮೆಹ್ತಾಬ್ ಬಾಗ್ ತೋಟ ಕೂಡ ತಾಜ್ ಯೋಜನೆಗೆ ಸೇರಿದ್ದೇ. ಗುಮ್ಮಟದ ಪ್ರತಿಬಿಂಬ ಹಿಡಿಯಲು ಮಾಡಿದ್ದ ಎಂಟು ಮೂಲೆಯ ಕೊಳ ಅಲ್ಲಿ 1990ರ ದಶಕದ ಉತ್ಖನನದಲ್ಲಿ ಸಿಕ್ಕಿತು. ಬೆಳದಿಂಗಳ ವೀಕ್ಷಣೆ 1984ರಲ್ಲಿ ಭದ್ರತೆಯ ಕಾರಣಕ್ಕೆ ನಿಂತು, ಎರಡು ದಶಕದ ನಂತರ 2004ರಲ್ಲಿ ಮತ್ತೆ ಶುರುವಾಯಿತು: ಹುಣ್ಣಿಮೆ, ಅದರ ಹಿಂದಿನ ಎರಡು, ಮುಂದಿನ ಎರಡು ರಾತ್ರಿ, 50 ಜನರ ಎಂಟು ತಂಡ, ತಂಡಕ್ಕೆ ಅರ್ಧ ಗಂಟೆ. ಸಂಜೆಯ ರೈಲು ಹಿಡಿದವರಿಗೆ ಆ ನೋಟ ಇಲ್ಲ.

ಸರಾಯ್‌ಗಳ ಕಾಲವನ್ನು ಚಿನ್ನದ ಯುಗವೆನ್ನುವುದು ನನ್ನ ಇರಾದೆಯಲ್ಲ. ವರ್ತಕರು ಅಲ್ಲಿ ನೆಲೆಸಿದ್ದು ಬಾದಶಹನ ಅಪ್ಪಣೆಯಿಂದ. 30 ಹಳ್ಳಿಗಳ ರೈತರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅದನ್ನು ಮರಳಿ ತರಬೇಕಾಗಿಲ್ಲ. ಆದರೆ ನೋಡಬಂದವರ ದುಡ್ಡಿನ ಒಂದು ಪಾಲು ಗೋಡೆಯಾಚೆಗಿನ ನಾಲ್ಕು ಕಟ್ರಾಗಳ ಚರಂಡಿಗೆ, ಹಳೆಯ ದ್ವಾರಗಳ ದುರಸ್ತಿಗೆ, ಅಲ್ಲಿನ ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸುವ ಪಚ್ಚೀಕಾರಿ ಕುಶಲಕರ್ಮಿಗಳ ಕೈಗೆ ಸೇರಬೇಕೆನ್ನುವುದಕ್ಕೆ ಬಾದಶಹ ಬೇಕಿಲ್ಲ. ಒಂದೇ ಟಿಕೆಟ್ಟಿನಲ್ಲಿ ಇಂದು ಇಳಿಹೊತ್ತು, ನಾಳೆ ಬೆಳಗ್ಗೆ ಎರಡು ಸಲ ಬಿಡುವ ಏರ್ಪಾಡು ಕಷ್ಟದ್ದಲ್ಲ. ತಾಜ್‌ಗಂಜಿನಲ್ಲಿ ತಂಗಿದವರನ್ನು ಕಾಲ್ನಡಿಗೆಯಲ್ಲಿ ಚೌಕ ದಾಟಿಸಿ ದಕ್ಷಿಣ ದ್ವಾರದಿಂದಲೇ ಒಳಗೆ ಬಿಡುವುದೂ ಸಾಧ್ಯ. ಭದ್ರತೆಗೆ ಬೇಕಾದ ತಪಾಸಣೆಯ ಯಂತ್ರ ಪೂರ್ವ, ಪಶ್ಚಿಮ ದ್ವಾರಗಳಲ್ಲಿ ಇರುವಂತೆ ದಕ್ಷಿಣದಲ್ಲೂ ಇಡಬಹುದು.